ಪೆಗ್-ಆಸ್ಪರಾಜಿನೇಸ್ ಶುರುವಾಗುತ್ತಿದೆ: ಮಗುವಿನಲ್ಲಿ ಏನೇನು ಗಮನಿಸಬೇಕು?

ಕೇಳಿದವರು, ತಾಯಿ: ಐದು ವರ್ಷದ ಮಗಳಿಗೆ ಎಎಲ್ಎಲ್ ಎಂಬ ರಕ್ತದ ಕ್ಯಾನ್ಸರ್ (ಲ್ಯುಕೇಮಿಯಾ). ಕ್ಯಾನ್ಸರ್ ಕೋಶಗಳಿಗೆ ಆಸ್ಪರಾಜಿನ್ ಎಂಬ ಅಮೈನೊ ಆಮ್ಲ (ಪ್ರೋಟೀನ್‌ನ ಘಟಕ) ಸಿಗದಂತೆ ಮಾಡುವ ಪೆಗ್-ಆಸ್ಪರಾಜಿನೇಸ್ ಇಂಜೆಕ್ಷನ್ ಈ ವಾರ ಕೊಡುತ್ತಾರಂತೆ. ಹಾಗಾದರೆ ಹಾಲು, ಮೊಟ್ಟೆ ನಿಲ್ಲಿಸಬೇಕಾ? ಮನೆಯಲ್ಲಿ ಯಾವುದಕ್ಕೆ ಹೆದರಬೇಕು?

ಜೀವರಸಾಯನ ಉಪನ್ಯಾಸಕರು: ನಿಲ್ಲಿಸಬೇಡಿ. ಆಸ್ಪರಾಜಿನ್ ಅನ್ನು ದೇಹವೇ ತಯಾರಿಸಿಕೊಳ್ಳುತ್ತದೆ, ಊಟ ಕಡಿಮೆ ಮಾಡಿದರೆ ಸೊರಗುವುದು ಮಗು. ಲ್ಯುಕೇಮಿಯಾ ಕೋಶಗಳಿಗೆ ಮಾತ್ರ ಅದನ್ನು ಸಾಕಷ್ಟು ತಯಾರಿಸುವ ಶಕ್ತಿ ಇಲ್ಲ, ರಕ್ತದಿಂದಲೇ ಹೀರಬೇಕು. ರಕ್ತದಲ್ಲಿರುವುದನ್ನು ಇಂಜೆಕ್ಷನ್‌ನಲ್ಲಿರುವ ಆಸ್ಪರಾಜಿನೇಸ್ ಎಂಜೈಮ್ ಆಸ್ಪಾರ್ಟಿಕ್ ಆಮ್ಲ ಮತ್ತು ಅಮೋನಿಯಾ ಆಗಿ ಒಡೆದುಬಿಡುತ್ತದೆ. ಗಿನಿಯಿಲಿಯ ಸೀರಮ್‌ನಿಂದ ಇಲಿಗಳ ಲಿಂಫೋಮಾ (ದುಗ್ಧಕೋಶಗಳ ಕ್ಯಾನ್ಸರ್) ಕರಗುವುದನ್ನು 1953ರಲ್ಲಿ ಸಂಶೋಧಕ ಜಾನ್ ಕಿಡ್ ಗಮನಿಸಿದ್ದರು. ಅದಕ್ಕೆ ಈ ಎಂಜೈಮ್ ಕಾರಣ ಎಂದು ತೋರಿಸಿದ್ದು ಬ್ರೂಮ್ ಎಂಬ ಸಂಶೋಧಕ.

ಆಸ್ಪತ್ರೆ ಫಾರ್ಮಸಿಸ್ಟ್: ಪ್ರೋಟೋಕಾಲ್‌ಗೆ (ಚಿಕಿತ್ಸೆಯ ನಿಗದಿತ ಯೋಜನೆಗೆ) ತಕ್ಕಂತೆ ಡೋಸ್ ಬದಲಾಗುತ್ತದೆ. ಸಾಮಾನ್ಯವಾಗಿ ಮೈ ವಿಸ್ತೀರ್ಣದ ಚದರ ಮೀಟರ್‌ಗೆ 2500 ಯೂನಿಟ್. 105 ಸೆಂ.ಮೀ., 17 ಕೆಜಿ ಮಗುವಿನ ಮೈ ವಿಸ್ತೀರ್ಣ ಸುಮಾರು 0.7 ಚದರ ಮೀಟರ್, ಅಂದರೆ 1750 ಯೂನಿಟ್. ಮಿ.ಲೀ.ಗೆ 750 ಯೂನಿಟ್ ಇರುವ ದ್ರವ ವಯಲ್ ಆದರೆ 2.3 ಮಿ.ಲೀ. ಸ್ನಾಯುವಿಗೆ ಒಂದೇ ಕಡೆ 2 ಮಿ.ಲೀ. ಮೀರಬಾರದು, ಹಾಗಾಗಿ ಎರಡು ಕಡೆ ಚುಚ್ಚುತ್ತಾರೆ, ಗಾಬರಿ ಬೇಡ. ಡ್ರಿಪ್‌ನಲ್ಲಾದರೆ 1–2 ಗಂಟೆ. ವಯಲ್ 2–8 ಡಿಗ್ರಿಯಲ್ಲಿರಬೇಕು. ಕುಲುಕಿದ್ದು, ಹೆಪ್ಪುಗಟ್ಟಿದ್ದು ಬಳಸುವಂತಿಲ್ಲ.

ಮಕ್ಕಳ ಕ್ಯಾನ್ಸರ್ ವಾರ್ಡ್ ನರ್ಸ್: ಮುಗಿದ ಮೇಲೂ ಒಂದು ಗಂಟೆ ವಾರ್ಡ್‌ನಲ್ಲೇ ಇರಿ. ತುರಿಕೆ, ದದ್ದು, ತುಟಿ ಊತ, ಕೆಮ್ಮು, ಉಬ್ಬಸ ಕಂಡ ಕೂಡಲೇ ಕೂಗಿ. ಮೊದಲ ಡೋಸ್ ಸಲೀಸಾಗಿ ಹೋಯಿತೆಂದು ಮೈಮರೆಯಬೇಡಿ, ಅಲರ್ಜಿ ಹೆಚ್ಚಾಗಿ ನಂತರದ ಡೋಸ್‌ಗಳಲ್ಲೇ ಬರುವುದು.

ತಾಯಿ: ಅಲರ್ಜಿ ಬರದಂತೆ ಮೊದಲೇ ಔಷಧಿ ಕೊಡಿಸಬಹುದಲ್ಲ?

ಮಕ್ಕಳ ರಕ್ತರೋಗ ತಜ್ಞರು: ಕೊಡಬಹುದು, ಆದರೆ ಅದು ದದ್ದನ್ನು ತಡೆಯುತ್ತದೆಯೇ ಹೊರತು ಎಂಜೈಮ್ ವಿರುದ್ಧ ದೇಹ ತಯಾರಿಸುವ ಆ್ಯಂಟಿಬಾಡಿಯನ್ನಲ್ಲ. ಮೈಮೇಲೆ ಏನೂ ಕಾಣದೆಯೇ ಎಂಜೈಮ್ ನಿಷ್ಕ್ರಿಯವಾಗಿರಬಹುದು. ನನಗೆ ಅಲರ್ಜಿಗಿಂತ ಹೆಚ್ಚು ಚಿಂತೆ ಇದರದ್ದೇ. ಹಾಗಾಗಿ 7ನೇ ಅಥವಾ 14ನೇ ದಿನ ಎಂಜೈಮ್ ಚಟುವಟಿಕೆ ಪರೀಕ್ಷೆ ಸಾಧ್ಯವೇ ಕೇಳಿ, ಮಿ.ಲೀ.ಗೆ ಕನಿಷ್ಠ 0.1 ಯೂನಿಟ್ ಇರಬೇಕು. ನೇರವಾಗಿ ಆಸ್ಪರಾಜಿನ್ ಅಳೆದರೆ ಮೋಸ ಹೋಗುತ್ತೇವೆ: ರಕ್ತ ತೆಗೆದ ಮೇಲೂ ಟ್ಯೂಬ್‌ನೊಳಗೆ ಎಂಜೈಮ್ ಕೆಲಸ ಮಾಡುತ್ತಲೇ ಇರುತ್ತದೆ. ಮಟ್ಟ ಸಿಗದಿದ್ದರೆ ಅರ್ವಿನಿಯಾ ಬ್ಯಾಕ್ಟೀರಿಯಾದ ಎಂಜೈಮ್‌ಗೆ ಬದಲಿಸುತ್ತೇವೆ. ಅದು ಬೇಗ ಇಳಿಯುವುದರಿಂದ ವಾರಕ್ಕೆ ಮೂರು ಸಲ ಬೇಕು.

ಮನೆಯಲ್ಲಿ ಮುಖ್ಯವಾಗಿ ಗಮನಿಸಬೇಕಾದ್ದು ಎರಡು. ಬೆನ್ನಿಗೆ ಹರಡುವ ಹೊಟ್ಟೆನೋವು, ಜೊತೆಗೆ ವಾಂತಿ: ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಊದಿಕೊಂಡಿರಬಹುದು. ಸ್ಟಿರಾಯ್ಡ್‌ನ ಗ್ಯಾಸ್ಟ್ರಿಕ್ ಎಂದುಕೊಂಡು ಬೆಳಗಿನವರೆಗೆ ಕಾಯಬೇಡಿ, ರಕ್ತದಲ್ಲಿ ಲೈಪೇಸ್ (ಪ್ಯಾಂಕ್ರಿಯಾಸ್‌ನ ಎಂಜೈಮ್) ನೋಡಲೇಬೇಕು. ಬಿಡದ ತಲೆನೋವು, ಫಿಟ್ಸ್, ಒಂದು ಕೈಕಾಲಿಗೆ ಬಲ ಇಲ್ಲದಿರುವುದು: ಮಿದುಳಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು.

ಅತಿ ಬಾಯಾರಿಕೆ, ಪದೇ ಪದೇ ಮೂತ್ರ ಕಂಡರೆ ಸಕ್ಕರೆ ಪರೀಕ್ಷಿಸಿ. ಕಣ್ಣು ಹಳದಿಯಾದರೆ ಬಿಲಿರುಬಿನ್ (ಕಾಮಾಲೆ ಪರೀಕ್ಷೆ). ಮಂಪರಿನ ಜೊತೆ ವಾಂತಿಯಿದ್ದರೆ ಅಮೋನಿಯಾ ಕೂಡ. ಆ ಸ್ಯಾಂಪಲ್ ಐಸ್‌ನಲ್ಲಿಟ್ಟು ತಕ್ಷಣ ಲ್ಯಾಬ್‌ಗೆ ಹೋಗಬೇಕು.

ಫಾರ್ಮಸಿಸ್ಟ್: ಒಂದು ಬಿಟ್ಟುಹೋಯಿತು. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಪ್ರೋಟೀನ್ ಇಳಿದಿದ್ದರೂ ಪ್ಲಾಸ್ಮಾ (ರಕ್ತದ ದ್ರವಭಾಗ) ಏಕೆ ಕೊಡುತ್ತಿಲ್ಲ ಎಂದು ಹಲವರು ಕೇಳುತ್ತಾರೆ. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ ಕೊಡುವುದಿಲ್ಲ. ದಾನಿಯ ಪ್ಲಾಸ್ಮಾದಲ್ಲೂ ಆಸ್ಪರಾಜಿನ್ ಇರುತ್ತದೆ, ಅಂದರೆ ನಾವು ಇಲ್ಲವಾಗಿಸಲು ನೋಡುತ್ತಿರುವುದನ್ನೇ ಕೊಟ್ಟಂತಾಗುತ್ತದೆ.