ಡರ್ಕ್ ಜೆಂಟ್ಲಿ ಓದಿದವರು ಹೇಳಿ: ಇದು ಪತ್ತೇದಾರಿ ಕಾದಂಬರಿಯಾ, ನಮ್ಮ ಕಾಲೆಳೆಯುವ ಆಟವಾ?

ಅರ್ಧಕ್ಕೆ ನಿಂತವನು:

ಡಗ್ಲಸ್ ಆಡಮ್ಸ್ ಬರೆದ ‘ಡರ್ಕ್ ಜೆಂಟ್ಲೀಸ್ ಹೋಲಿಸ್ಟಿಕ್ ಡಿಟೆಕ್ಟಿವ್ ಏಜೆನ್ಸಿ’ ಪೂರ್ತಿ ಓದಿದವರು ಯಾರಾದರೂ ಇದ್ದೀರಾ? ಮೂರು ವಾರದಿಂದ ಇದರ ಜೊತೆ ಗುದ್ದಾಡುತ್ತಿದ್ದೇನೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ, ಜೊತೆಗೆ ಒಳ್ಳೆಯ ಮಿಸ್ಟರಿ ಅಂತ ಗೆಳೆಯನೊಬ್ಬ ಕೈಗಿಟ್ಟ. ನಗು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಮಿಸ್ಟರಿ ಎಲ್ಲಿದೆ?

ಶುರುವಿನಲ್ಲೇ ಕುದುರೆ ಮೇಲೆ ಕೂತ ಒಬ್ಬ ಸನ್ಯಾಸಿ ಬರುತ್ತಾನೆ. ಅವನು ಮನುಷ್ಯನಲ್ಲ, ಯಂತ್ರ. ಜನ ತಾವೇ ನಂಬುವ ಕಷ್ಟ ತಪ್ಪಲಿ ಅಂತ ಅವರ ಬದಲು ಎಲ್ಲವನ್ನೂ ನಂಬಲು ಮಾಡಿದ ಯಂತ್ರವಂತೆ, ಅದೂ ಕೆಟ್ಟುಹೋಗಿ ಕಂಡಕಂಡದ್ದನ್ನೆಲ್ಲ ನಂಬುತ್ತಿದೆ. ಸರಿ, ಐಡಿಯಾ ಸಖತ್ತಾಗಿದೆ. ಆಮೇಲೆ ಕೇಂಬ್ರಿಡ್ಜ್‌ನ ಒಂದು ಕಾಲೇಜಿನಲ್ಲಿ ಮುಗಿಯದ ಊಟ. ಊಟದ ಮಧ್ಯೆ ಒಬ್ಬ ಮರೆಗುಳಿ ಮುದಿ ಪ್ರೊಫೆಸರ್ ಚಿಕ್ಕ ಹುಡುಗಿಯೊಬ್ಬಳಿಗೆ ಮ್ಯಾಜಿಕ್ ಮಾಡಿ ತೋರಿಸುತ್ತಾರೆ. ಇನ್ನೊಂದು ಕಡೆ ರಿಚರ್ಡ್ ಅನ್ನುವ ಕಂಪ್ಯೂಟರ್ ಹುಡುಗನ ಮನೆಯ ಮೆಟ್ಟಿಲಲ್ಲಿ ಸೋಫಾ ಸಿಕ್ಕಿಕೊಂಡಿದೆ, ಮೇಲೂ ಹೋಗುವುದಿಲ್ಲ ಕೆಳಗೂ ಬರುವುದಿಲ್ಲ. ಅಷ್ಟರಲ್ಲಿ ಅವನ ಬಾಸ್‌ನ ಕೊಲೆ. ಸತ್ತ ಬಾಸ್ ದೆವ್ವವಾಗಿ ತಿರುಗಾಡುತ್ತಾನೆ. ಕೊಲೆಯಾದವನೇ ಓಡಾಡಿಕೊಂಡಿದ್ದರೆ ಪತ್ತೇದಾರನಿಗೆ ಇನ್ನೇನು ಕೆಲಸ?

ಆ ಪತ್ತೇದಾರನೋ, ಪುಸ್ತಕದ ಹೆಸರಲ್ಲೇ ಇರುವವನು, ಎಷ್ಟೋ ಅಧ್ಯಾಯ ಕಳೆದ ಮೇಲೆ ಬರುತ್ತಾನೆ. ಬಂದವನ ಮೊದಲ ಚಿಂತೆ ಏನು ಗೊತ್ತಾ? ಬೆಕ್ಕು ಕಳೆದುಕೊಂಡ ಒಬ್ಬ ಅಜ್ಜಿಯಿಂದ ಬಿಲ್ ವಸೂಲಿ. ಬೆಕ್ಕು ಹುಡುಕಲು ಬಹಾಮಾಸ್ ದ್ವೀಪಕ್ಕೆ ಹೋಗಿಬಂದ ಖರ್ಚೂ ಅದರಲ್ಲಿ ಸೇರಿದೆ.

ನಾನು ಅರ್ಧ ದಾಟಿದ್ದೇನೆ. ಇದೆಲ್ಲ ಕೊನೆಗೆ ಒಂದು ಕಡೆ ಬಂದು ಸೇರುತ್ತದಾ, ಇಲ್ಲ ಸುಮ್ನೆ ಹೀಗೇ ಹೋಗುತ್ತದಾ? ಅಷ್ಟು ಹೇಳಿ ಸಾಕು, ಕಥೆ ಹೇಳಬೇಡಿ.

ಮೂರು ಸಲ ಓದಿದವಳು:

ಸೇರುತ್ತದೆ. ದಯವಿಟ್ಟು ಬಿಡಬೇಡಿ.

ಮಾಮೂಲಿ ಪತ್ತೇದಾರಿ ಕಥೆಯಲ್ಲಿ ಲೇಖಕರು ಸುಳಿವನ್ನು ಎಲ್ಲಿ ಬಚ್ಚಿಡುತ್ತಾರೆ? ಒಂದು ರಾಶಿ ಸಾಕ್ಷಿಗಳ ನಡುವೆ. ಓದುವವರಿಗೂ ಅದು ಗೊತ್ತು, ಹಾಗಾಗಿ ಬೂದಿ ಕಂಡರೂ ಅನುಮಾನ, ಗಡಿಯಾರ ನಿಂತರೂ ಅನುಮಾನ. ಇಲ್ಲಿ ಸುಳಿವು ಇರುವುದು ಜೋಕಿನೊಳಗೆ. ನಕ್ಕ ಮೇಲೆ ಆ ಜೋಕಿನ ಕೆಲಸ ಮುಗಿಯಿತು ಅಂದುಕೊಂಡು ನಾವು ಮುಂದೆ ಹೋಗಿಬಿಡುತ್ತೇವೆ. ಮೊದಲ ಸಲ ನಾನೂ ಹಾಗೇ ಮೋಸಹೋದೆ, ಎರಡನೇ ಸಲ ಓದುವಾಗ ಪುಟಪುಟಕ್ಕೂ ಹಣೆ ಚಚ್ಚಿಕೊಂಡೆ.

ನೀವು ‘ಮುಗಿಯದ ಊಟ’ ಅಂತ ಬೈದಿದ್ದೀರಲ್ಲ, ಅದನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಸೋಫಾನೂ ನೆನಪಲ್ಲಿ ಇಟ್ಟುಕೊಳ್ಳಿ. ರಿಚರ್ಡ್ ಕಂಪ್ಯೂಟರಲ್ಲಿ ಲೆಕ್ಕ ಹಾಕಿ ನೋಡಿದಾಗ ಆ ಸೋಫಾ ಹೊರಗೆ ಬರುವುದು ಹಾಗಿರಲಿ, ಅಲ್ಲಿಗೆ ಹೋಗಿದ್ದೇ ಸಾಧ್ಯವಿಲ್ಲ ಅಂತ ಉತ್ತರ ಬರುತ್ತದೆ. ಇದು ಜೋಕ್ ಅಲ್ಲ. ಮುಚ್ಚಿದ ಕೋಣೆಯ ಕೊಲೆ ಇದ್ದ ಹಾಗೆ ಇದು ಮುಚ್ಚಿದ ಮೆಟ್ಟಿಲಿನ ಸೋಫಾ.

ನಿಯಮ ಅಂದ್ರೆ ನಿಯಮ:

ಮೇಲಿನವರ ಪ್ರೀತಿಗೆ ಅಡ್ಡ ಬರುತ್ತಿದ್ದೇನೆ, ಕ್ಷಮಿಸಿ.

1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನುವ ಪಾದ್ರಿ, ಅವರೂ ಪತ್ತೇದಾರಿ ಲೇಖಕರೇ, ಈ ಬಗೆಯ ಕಥೆಗಳಿಗೆ ಹತ್ತು ಕಟ್ಟಳೆ ಮಾಡಿದರು. ದೆವ್ವ ಭೂತ ಬರಬಾರದು. ಪತ್ತೇದಾರನಿಗೆ ಆಕಸ್ಮಿಕ ನೆರವಾಗಬಾರದು, ಕಾರಣವಿಲ್ಲದೆ ಹೊಳೆದದ್ದು ನಿಜವಾಗಿಬಿಡಬಾರದು. ಅವನ ಕಣ್ಣಿಗೆ ಬಿದ್ದ ಸುಳಿವು ಓದುಗನಿಗೂ ಸಿಗಬೇಕು. ಈ ಪುಸ್ತಕ ಅವನ್ನೆಲ್ಲ ಗಾಳಿಗೆ ತೂರಿದೆ. ದೆವ್ವಗಳಿವೆ, ಒಂದಲ್ಲ. ಇನ್ನು ಡರ್ಕ್‌ನ ವಿಧಾನವೇ ಆಕಸ್ಮಿಕ: ಜಗತ್ತಿನಲ್ಲಿ ಪ್ರತಿಯೊಂದಕ್ಕೂ ಪ್ರತಿಯೊಂದರ ನಂಟಿದೆ, ಹಾಗಾಗಿ ಎಲ್ಲಿ ಹೋದರೂ ಉತ್ತರ ಸಿಗುತ್ತದೆ ಅನ್ನುತ್ತಾನೆ. ಎತ್ತಣ ಮಾಮರ ಎತ್ತಣ ಕೋಗಿಲೆ ಅನ್ನುವುದನ್ನೇ ಬಂಡವಾಳ ಮಾಡಿಕೊಂಡು ಅಂಗಡಿ ತೆರೆದವನು ಅವನು. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಬಿಲ್ ಹಾಕುತ್ತಾನೆ!

ಹಾಗಂತ ನಿಯಮ ಮುರಿಯಲೇಬಾರದು ಅಂತಲ್ಲ. ಆದರೆ ಎಲ್ಲವನ್ನೂ ಒಟ್ಟಿಗೆ ಮುರಿದರೆ ನಾನು ಊಹಿಸುವುದು ಏನನ್ನು? ಕೊನೆಯಲ್ಲಿ ಡರ್ಕ್ ಎಲ್ಲವನ್ನೂ ಬಿಡಿಸಿ ಹೇಳುವಾಗ ನನಗೆ ‘ಅಯ್ಯೋ, ಇದು ಹೊಳೆಯಲಿಲ್ಲವಲ್ಲ’ ಅನ್ನಿಸಲಿಲ್ಲ. ‘ಓಹೋ, ಹಾಗಾ’ ಅನ್ನಿಸಿತು, ಅಷ್ಟೇ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಅರ್ಧಕ್ಕೆ ನಿಂತವರೇ, ಬೇಜಾರಾಗಿದ್ದರೆ ಧೈರ್ಯವಾಗಿ ಮುಚ್ಚಿಡಿ.

ಹಳೇ ಟಿವಿ:

ಈ ಪುಸ್ತಕದ ಹಿಂದಿನ ಕಥೆ ಗೊತ್ತಾದರೆ ಇದು ಯಾಕೆ ತೇಪೆ ಹಾಕಿದ ಹಾಗಿದೆ ಅನ್ನುವುದು ತಿಳಿಯುತ್ತದೆ. ಆಡಮ್ಸ್ ಸ್ವಲ್ಪ ಕಾಲ ‘ಡಾಕ್ಟರ್ ಹೂ’ ಟಿವಿ ಧಾರಾವಾಹಿಗೆ ಬರೆಯುತ್ತಿದ್ದರು. 1979ರಲ್ಲಿ ಅವರ ‘ಶಾಡಾ’ ಅನ್ನುವ ಕಥೆಯ ಚಿತ್ರೀಕರಣ ಬಿಬಿಸಿಯಲ್ಲಿ ನಡೆದ ಮುಷ್ಕರದಿಂದ ಅರ್ಧಕ್ಕೇ ನಿಂತುಹೋಯಿತು. ಕೇಂಬ್ರಿಡ್ಜ್ ಕಾಲೇಜು, ಅಲ್ಲಿನ ಮುದಿ ಪ್ರೊಫೆಸರ್ ಕ್ರೊನೋಟಿಸ್, ಎಲ್ಲ ಅಲ್ಲಿಂದ ಎತ್ತಿಕೊಂಡದ್ದು. ಅದೇ ವರ್ಷ ಪ್ರಸಾರವಾದ ‘ಸಿಟಿ ಆಫ್ ಡೆತ್’ ಕಥೆಯ ಒಂದು ಎಳೆಯೂ ಸೇರಿದೆ. 1987ರಲ್ಲಿ ಬಂದ ಕಾದಂಬರಿ ಅಂದರೆ ಈ ಎರಡು ಹಳೇ ಬಟ್ಟೆ ಸೇರಿಸಿ ಹೊಲಿದ ಹೊಸ ಅಂಗಿ.

ನನ್ನ ಪ್ರಕಾರ ಹೊಲಿಗೆ ಚೆನ್ನಾಗಿದೆ, ಆದರೆ ಹೊಲಿಗೆ ಕಾಣುತ್ತದೆ. ನಿಯಮದ ಸಾಹೇಬರಿಗೆ ಒಂದು ಮಾತು: ಟಿ20 ನೋಡಲು ಹೋಗಿ ಇದು ಟೆಸ್ಟ್ ಮ್ಯಾಚ್ ಅಲ್ಲ ಅಂತ ದೂರಿದರೆ ಹೇಗೆ ಸ್ವಾಮಿ?

ನಿಯಮ ಅಂದ್ರೆ ನಿಯಮ:

ಟಿಕೆಟ್ ಮೇಲೆ ಟೆಸ್ಟ್ ಅಂತ ಬರೆದಿತ್ತು ಸ್ವಾಮಿ. ಹೆಸರಲ್ಲೇ ‘ಡಿಟೆಕ್ಟಿವ್’ ಇದೆ.

ಪದ್ಯದ ಹುಚ್ಚು:

ನನ್ನ ತಕರಾರು ಬೇರೆ, ಅದನ್ನು ಇಲ್ಲಿ ಯಾರೂ ಎತ್ತಲಿಲ್ಲ. ಅರ್ಧಕ್ಕೆ ನಿಂತವರು ಇಲ್ಲಿಂದ ಮುಂದೆ ಓದಬೇಡಿ, ಕೊನೆಯ ಗುಟ್ಟು ಇದೆ.

ಕೋಲ್‌ರಿಜ್‌ನ ‘ಕುಬ್ಲಾ ಖಾನ್’ ಪದ್ಯದ ಕಥೆ ಗೊತ್ತಿಲ್ಲದವರಿಗೆ ಈ ಕಾದಂಬರಿಯ ಅತ್ಯಂತ ಜಾಣ ಸುಳಿವು ಕಾಣುವುದೇ ಇಲ್ಲ. ಕವಿಯೇ ಹೇಳಿಕೊಂಡ ಪ್ರಕಾರ ಅಫೀಮಿನ ಮಂಪರಿನಲ್ಲಿ ಇನ್ನೂರು ಮುನ್ನೂರು ಸಾಲಿನ ಪದ್ಯ ಕನಸಲ್ಲಿ ಬಂತು. ಎದ್ದು ಬರೆಯಲು ಕೂತಾಗ ಪೊರ್ಲಾಕ್ ಅನ್ನುವ ಊರಿನಿಂದ ಯಾರೋ ಕೆಲಸದ ಮೇಲೆ ಬಂದು ಮಾತಿಗೆ ಕೂತರು, ಅವರು ಹೋಗುವ ಹೊತ್ತಿಗೆ ಉಳಿದದ್ದೆಲ್ಲ ಮರೆತುಹೋಗಿತ್ತು. 1816ರಲ್ಲಿ ಅಚ್ಚಾದದ್ದು 54 ಸಾಲು.

ಈಗ ಆ ಕಾಲೇಜಿನ ಊಟ ನೆನಪಿಸಿಕೊಳ್ಳಿ. ಅಲ್ಲಿ ಪದ್ಯ ಓದುತ್ತಾರೆ. ಆಡಮ್ಸ್ ಏನೂ ಆಗಿಲ್ಲ ಅನ್ನುವ ಹಾಗೆ ಅದರ ಎರಡನೇ ಭಾಗವನ್ನೂ ಓದಿದರು ಅಂತ ಬರೆದು ಮುಂದೆ ಹೋಗುತ್ತಾರೆ. ಎರಡನೇ ಭಾಗ! ನಮ್ಮ ಜಗತ್ತಿನಲ್ಲಿ ಇಲ್ಲದ್ದು! ಅಂದರೆ ಕಥೆ ನಡೆಯುತ್ತಿರುವುದು ಪೊರ್ಲಾಕಿನ ಮನುಷ್ಯ ಬಂದೇ ಇಲ್ಲದ ಜಗತ್ತಿನಲ್ಲಿ. ಕೊನೆಗೆ ಆ ಮನುಷ್ಯ ಯಾರು ಅಂತ ಗೊತ್ತಾದಾಗ ನನಗೆ ಮೈ ಜುಂ ಅಂದಿತು.

ಆದರೆ ಇದೆಲ್ಲ ಎರಡನೇ ಓದಿನಲ್ಲಿ. ಮೊದಲ ಸಲ ಪದ್ಯದ ಹೆಸರು ಮಾತ್ರ ಕೇಳಿದ್ದೆ, ಕೊನೆಯ ಹತ್ತು ಪುಟದ ತಲೆಬುಡ ಅರ್ಥವಾಗಿರಲಿಲ್ಲ. ಹಾಗಾಗಿ ನಾಕ್ಸ್ ನಿಯಮದವರಿಗೆ ಅರ್ಧ ಒಪ್ಪಿಗೆ, ಅರ್ಧ ಇಲ್ಲ. ಸುಳಿವು ಕೊಟ್ಟಿದ್ದಾರೆ, ಪ್ರಾಮಾಣಿಕವಾಗಿಯೇ ಕೊಟ್ಟಿದ್ದಾರೆ, ಆದರೆ ಅದರ ಬೀಗದ ಕೈಯನ್ನು ಇನ್ನೊಂದು ಪುಸ್ತಕದಲ್ಲಿ ಇಟ್ಟಿದ್ದಾರೆ. ಇಂಗ್ಲಿಷ್ ಸಾಹಿತ್ಯ ಓದಿಕೊಂಡವರಿಗೆ ಅದು ಕೈಯಲ್ಲೇ ಇರುತ್ತದೆ. ಉಳಿದವರು ಏನು ಮಾಡಬೇಕು?

ಮೂರು ಸಲ ಓದಿದವಳು:

ಇದನ್ನು ಒಪ್ಪುತ್ತೇನೆ. ನನಗೂ ಪೊರ್ಲಾಕ್ ವಿಷಯ ಬೇರೆಯವರು ಹೇಳಿದ ಮೇಲೇ ಹೊಳೆದದ್ದು. ನಾನು ಮೂರು ಸಲ ಓದಿದ್ದರ ಒಂದು ಕಾರಣ ಅದೇ ಅಂತ ಈಗ ಒಪ್ಪಿಕೊಳ್ಳುತ್ತೇನೆ.

ನಗು ಬರಲಿಲ್ಲ:

ಗುಟ್ಟು ಗಿಟ್ಟು ಹಾಗಿರಲಿ. ನನಗೆ ಜೋಕೇ ಹಿಡಿಸಲಿಲ್ಲ. ಪ್ರತಿ ಪ್ಯಾರಾದಲ್ಲೂ ಲೇಖಕರು ಪಕ್ಕದಲ್ಲಿ ಕೂತು ‘ಹೇಗಿದೆ, ಹೇಗಿದೆ’ ಅಂತ ಮೊಣಕೈಯಲ್ಲಿ ತಿವಿದ ಹಾಗೆ. ಹೆಣ್ಣು ಪಾತ್ರ ಒಂದಿದೆ, ರಿಚರ್ಡ್‌ನ ಗೆಳತಿ ಸೂಸನ್, ಚೆಲ್ಲೋ ನುಡಿಸುತ್ತಾಳೆ, ಫೋನಿಗೆ ಕಾಯುತ್ತಾಳೆ, ಅದಕ್ಕಿಂತ ಜಾಸ್ತಿ ಏನು ಮಾಡುತ್ತಾಳೆ ಹೇಳಿ ನೋಡೋಣ. ಎರಡನೇ ಪುಸ್ತಕ ‘ದಿ ಲಾಂಗ್ ಡಾರ್ಕ್ ಟೀ-ಟೈಮ್ ಆಫ್ ದಿ ಸೋಲ್’ 1988ರಲ್ಲಿ ಬಂತು. ಅದು ವಾಸಿ. ಹೀಥ್ರೂ ವಿಮಾನ ನಿಲ್ದಾಣದಲ್ಲಿ ಥಾರ್ ದೇವರಿಗೆ ಟಿಕೆಟ್ ಸಿಗದೆ ರಂಪವಾಗುವುದರಿಂದ ಶುರು. ಅದರಲ್ಲಿ ಕೇಟ್ ಅನ್ನುವವಳಿಗೆ ಕೆಲಸವೂ ಇದೆ, ನಾಲಗೆಯೂ ಇದೆ.

ಹಳೇ ಟಿವಿ:

ಸೂಸನ್ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ಸರಿ. ಅಲ್ಲಿ ವಾದ ಮಾಡುವುದಿಲ್ಲ. ಮೂರನೆಯದನ್ನು ಆಡಮ್ಸ್ ಮುಗಿಸಲೇ ಇಲ್ಲ, 2001ರಲ್ಲಿ ತೀರಿಕೊಂಡರು. ಸಿಕ್ಕಷ್ಟನ್ನು ಮರು ವರ್ಷ ‘ದಿ ಸಾಮನ್ ಆಫ್ ಡೌಟ್’ನಲ್ಲಿ ಸೇರಿಸಿದ್ದಾರೆ. ಪೊರ್ಲಾಕಿನವರು ಅಲ್ಲಿಗೂ ಬಂದಿದ್ದರು ಅನ್ನಿ.

ಅರ್ಧಕ್ಕೆ ನಿಂತವನು:

ಎಲ್ಲರಿಗೂ ಥ್ಯಾಂಕ್ಸ್. ‘ಇಲ್ಲಿಂದ ಮುಂದೆ ಓದಬೇಡಿ’ ಅಂತ ಕಂಡಕೂಡಲೇ ಕಣ್ಣು ಮುಚ್ಚಿಕೊಂಡು ಕೆಳಗೆ ಬಂದೆ. ಹಾಗಾಗಿ ಈ ಪೊರ್ಲಾಕ್ ಏನು ಅಂತ ಗೊತ್ತಿಲ್ಲ, ಯಾರೂ ಹೇಳಲು ಹೋಗಬೇಡಿ.

ನಿನ್ನೆ ರಾತ್ರಿ ಆ ಊಟದ ಅಧ್ಯಾಯ ಮತ್ತೆ ಓದಿದೆ. ಪ್ರೊಫೆಸರ್ ಮಾಯ ಮಾಡಿದ ಉಪ್ಪಿನ ಕುಡಿಕೆ ಒಂದು ಹಳೇ ಮಣ್ಣಿನ ಮಡಕೆ ಒಡೆದಾಗ ಅದರೊಳಗೆ ಸಿಗುತ್ತದಲ್ಲ, ಮೊದಲ ಸಲ ಅದಕ್ಕೆ ಸುಮ್ನೆ ನಕ್ಕಿದ್ದೆ. ಈ ಸಲ ನಗು ಬರಲಿಲ್ಲ. ಅದು ಅದರೊಳಗೆ ಹೋಗಿದ್ದು ಹೇಗೆ? ಇದೂ ಸೋಫಾ ಥರವೇನಾ?

ಬೇಡ, ಹೇಳಬೇಡಿ. ಇನ್ನು ನೂರು ಪುಟ ಚಿಲ್ಲರೆ ಇದೆ, ಮುಗಿಸಿಯೇ ಬರುತ್ತೇನೆ.