ಅಪ್‌ಡೇಟ್: ಮಗಳ ಕತ್ತು ನೋವು, ಎಕ್ಸ್‌ರೇಯಲ್ಲಿ ಜರುಗಿದಂತೆ ಕಂಡ ಮೂಳೆ

ಜಾರುಬಂಡಿಯಿಂದ ಬಿದ್ದ ಆರು ವರ್ಷದ ಮಗಳಿಗೆ ಕತ್ತು ನೋವು ಹೋಗ್ತಿಲ್ಲ, ಎಕ್ಸ್‌ರೇಯಲ್ಲಿ ಕತ್ತಿನ ಎರಡನೇ ಮೂಳೆ ಸ್ವಲ್ಪ ಮುಂದೆ ಜರುಗಿದಂತಿದೆ, ಏನು ಮಾಡಲಿ ಎಂದು ಕೇಳಿದ್ದೆ. ಈಗ ಅವಳು ಆರಾಮಾಗಿದ್ದಾಳೆ.

"ಮಕ್ಕಳ ಬೆನ್ನುಮೂಳೆ ನೋಡುವ ಡಾಕ್ಟರಿಗೇ ತೋರಿಸಿ, ಎಂಆರ್‌ಐ ಬೇಕಾ ಕೇಳಿ" ಎಂದವರಿಗೆ ತುಂಬಾ ಥ್ಯಾಂಕ್ಸ್. ಆ ಸಲಹೆಯೇ ಕೈಹಿಡಿಯಿತು. ಬಿಸಿನೀರಿನ ಶಾಖದಿಂದ ಏನೂ ಆಗಲಿಲ್ಲ. ಮೆತ್ತನೆಯ ಕಾಲರ್ ಕತ್ತನ್ನು ಹಿಡಿದು ನಿಲ್ಲಿಸಲೇ ಇಲ್ಲ. ಉಳುಕು ತೆಗೆಸುವುದು, ತಿಕ್ಕಿಸುವುದು ಬೇಡವೇ ಬೇಡ ಎಂದರು ಡಾಕ್ಟರ್.

ನಮಗೆ ಆಶ್ಚರ್ಯವಾಗಿದ್ದು ಇದು: ಆ ಜರುಗಿದ ಮೂಳೆ ಪೆಟ್ಟಿನಿಂದ ಆದದ್ದೇ ಅಲ್ಲ! ಎಂಟು ವರ್ಷದೊಳಗಿನ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಕತ್ತಿನ ಲಿಗಮೆಂಟ್ (ಮೂಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಪಟ್ಟಿ) ಸಡಿಲ. ಕತ್ತು ಬಗ್ಗಿದಾಗ ಎರಡನೇ ಮೂಳೆ ಮೂರನೆಯದರ ಮೇಲೆ 2–3 ಮಿ.ಮೀ. ಮುಂದೆ ಬಂದಂತೆ ಕಾಣುವುದು ಹಲವು ಮಕ್ಕಳಲ್ಲಿ ಸಹಜವಂತೆ. ಡಾಕ್ಟರ್ ಎಕ್ಸ್‌ರೇ ಮೇಲೆ ಒಂದನೇ ಮತ್ತು ಮೂರನೇ ಮೂಳೆಗಳ ಹಿಂಭಾಗ ಸೇರಿಸಿ ಗೆರೆ ಎಳೆದರು. ಎರಡನೆಯದರ ಹಿಂಭಾಗ ಆ ಗೆರೆಯ ಹತ್ತಿರವೇ ಇತ್ತು, ಅಂದರೆ ಮೂಳೆ ಪೆಟ್ಟಿನಿಂದ ಜರುಗಿರಲಿಲ್ಲ.

ನಿಜವಾದ ಪೆಟ್ಟು ಎಂಆರ್‌ಐಯಲ್ಲಿ ಕಂಡಿತು. ಹಿಂಬದಿಯ ಲಿಗಮೆಂಟ್ ಊದಿಕೊಂಡಿತ್ತು, ಹರಿದಿರಲಿಲ್ಲ. ಕೆಲವು ವಾರ ಗಟ್ಟಿ ಕಾಲರ್ ಹಾಕಿದೆವು. ನೋವು ಹೋದ ಮೇಲೆ, ಅವಳೇ ಕತ್ತು ಬಗ್ಗಿಸಿ, ಹಿಂದಕ್ಕೆ ಎತ್ತಿದಾಗ ಎಕ್ಸ್‌ರೇ ತೆಗೆದು, ಕಾಲರ್ ಬಿಚ್ಚಿಸಿದರು.

ಒಂದು ಮಾತು: ಎಕ್ಸ್‌ರೇ ಸರಿಯಿದ್ದರೂ ಮಕ್ಕಳಲ್ಲಿ ಬೆನ್ನುಮೂಳೆಯೊಳಗಿನ ನರಹುರಿಗೆ ಪೆಟ್ಟಾಗಿರಬಹುದು. ಕೈಕಾಲು ಜೋಮು, ಶಕ್ತಿ ಇಲ್ಲ, ನಡಿಗೆ ತಪ್ಪುತ್ತಿದೆ ಎಂದರೆ ಕತ್ತು ಅಲ್ಲಾಡಿಸಬೇಡಿ, ಮಲಗಿಸಿಯೇ ಇಟ್ಟು 108ಕ್ಕೆ ಫೋನ್ ಮಾಡಿ.