ಪದಚರ್ಚೆ: ಬಣ್ಣ ‘ತೊಳೆ’ಯುವುದೋ, ‘ಹಾಯಿಸು’ವುದೋ?

ಬಳಗದ ಎಲ್ಲರಿಗೂ ನಮಸ್ಕಾರ.

ಯುದ್ಧವಿಮಾನಗಳ ಪುಟ್ಟ ಮಾದರಿಗಳನ್ನು ಜೋಡಿಸಿ ಬಣ್ಣ ಹಾಕುವುದು ನನ್ನ ಹವ್ಯಾಸ. ಹೊಸದಾಗಿ ಕಲಿಯುವವರಿಗೆ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಕಾಕ್‌ಪಿಟ್ಟಿನ ಸೀಟ್ ಬೆಲ್ಟಿಗೆ ಬಣ್ಣ ಹಾಕುವ ಅಧ್ಯಾಯದಲ್ಲಿ ಒಂದು ಕ್ರಿಯಾಪದ ಕೈಕೊಟ್ಟಿದೆ. ಅದಕ್ಕೇ ಈ ಓಲೆ.

ಮೊದಲ ಕರಡಿನಲ್ಲಿ ‘ಬೆಲ್ಟನ್ನು ತೆಳುವಾದ ಕಂದು ಬಣ್ಣದಿಂದ ತೊಳೆಯಿರಿ’ ಎಂದು ಬರೆದಿದ್ದೆ. ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ‘ವಾಷ್’ ಎನ್ನುತ್ತಾರೆ, ಅದನ್ನೇ ತಂದಿಟ್ಟಿದ್ದೆ. ಎಂಟನೇ ಕ್ಲಾಸಿನಲ್ಲಿರುವ ನನ್ನ ಅಕ್ಕನ ಮಗ ಅದನ್ನು ಓದಿಕೊಂಡು, ಬಣ್ಣ ಕಲಸಿದ್ದ ಬಟ್ಟಲಿಗೆ ಸೀಟನ್ನೇ ಅದ್ದಿ, ಬೆರಳಲ್ಲಿ ಚೆನ್ನಾಗಿ ಉಜ್ಜಿ ತೊಳೆದ. ಹಿಂದಿನ ದಿನ ಅವನೇ ಹಚ್ಚಿದ್ದ ಬಣ್ಣ ಅಂಚುಗಳಲ್ಲೆಲ್ಲ ಕಿತ್ತು ಬಂತು. “ಮಾಮ, ತೊಳಿ ಅಂತ ನೀನೇ ಬರ್ದಿದ್ದೀಯಲ್ಲ?” ಎಂದ. ಅವನು ಓದಿದ್ದು ಸರಿಯಾಗಿಯೇ ಇತ್ತು. ಕನ್ನಡದಲ್ಲಿ ತೊಳೆದರೆ ಇದ್ದದ್ದು ಹೋಗಬೇಕು. ಇಲ್ಲಿ ಆಗಬೇಕಾದ್ದು ಹೊಸದೊಂದು ಬಂದು ಸಂದಿಗಳಲ್ಲಿ ಕೂರುವುದು.

ಕೆಲಸ ಏನೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಅದು ಕಣ್ಣಿಗೆ ಕಟ್ಟದೆ ಪದ ಹೊಳೆಯುವುದಿಲ್ಲ. ನನ್ನ ಮೇಜಿನ ಮೇಲಿರುವುದು 1936ರಲ್ಲಿ ಮೊದಲು ಹಾರಿದ ಬ್ರಿಟನ್ನಿನ ಸ್ಪಿಟ್‌ಫೈರ್, 48ನೇ ಒಂದರಷ್ಟು ಅಳತೆಯದು. ಎರಡು ಇಂಚು ಅಗಲದ ಬೆಲ್ಟು ಈ ಅಳತೆಯಲ್ಲಿ ಸುಮಾರು 1 ಮಿಲಿಮೀಟರ್ ಆಗುತ್ತದೆ. ಮೊದಲನೇ ಮಹಾಯುದ್ಧದ ಪೈಲಟ್ ಆಲಿವರ್ ಸಟನ್ ರೂಪಿಸಿದ ಬೆಲ್ಟು ಇದರಲ್ಲಿದೆ. ಹೆಗಲ ಮೇಲಿಂದ ಎರಡು, ತೊಡೆಯ ಪಕ್ಕದಿಂದ ಎರಡು, ಹೀಗೆ ನಾಲ್ಕು ಪಟ್ಟಿ. ಪ್ರತಿ ಪಟ್ಟಿಯಲ್ಲೂ ಸಾಲಾಗಿ ಹಿತ್ತಾಳೆಯ ಕಣ್ಣುಗಳು. ನಾಲ್ಕರ ಕಣ್ಣುಗಳನ್ನೂ ಒಂದರ ಮೇಲೊಂದು ಒಂದೇ ಕೀಲಿಗೆ ಪೋಣಿಸಿ, ಕೀಲಿನ ತುದಿಗೆ ಅಡ್ಡಲಾಗಿ ಒಂದು ಪಿನ್ನು ತೂರಿಸುತ್ತಾರೆ. ಎತ್ತಿನ ಗಾಡಿಯ ಚಕ್ರ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿಯ ಕೆಲಸವೇ ಆ ಪಿನ್ನಿನದು. ಹಾಗಾಗಿ ಕೈಪಿಡಿಯಲ್ಲಿ ಅದನ್ನು ಕಡಾಣಿ ಎಂದೇ ಕರೆದಿದ್ದೇನೆ.

ಪಟ್ಟಿಯ ವಿಷಯಕ್ಕೂ ಒಂದು ಮಾತು. ‘ಬಾರು’ ಎಂದು ಬರೆದರೆ ಚಪ್ಪಲಿಯ ಬಾರು ನೆನಪಾಗಿ ಓದುವವರು ಹೊಳೆಯುವ ತೊಗಲಿನ ಬಣ್ಣ ಹಚ್ಚುತ್ತಾರೆ. ಇದು ದಪ್ಪ ನೂಲಿನಲ್ಲಿ ನೇಯ್ದದ್ದು. ನಮ್ಮಜ್ಜಿಯ ಮಂಚಕ್ಕೆ ಹೆಣೆದಿದ್ದ ನವಾರು ಇದೇ ಜಾತಿಯದು. ‘ನವಾರು’ ಎಂದ ತಕ್ಷಣ ಎಷ್ಟು ವಿಷಯ ತಾನಾಗಿ ಬಂದುಬಿಡುತ್ತದೆ ನೋಡಿ: ಹೊಳಪಿಲ್ಲದ ಮೈ, ಬಳಸಿ ಬಳಸಿ ಮಾಸಿದ ಕೆನೆ ಬಣ್ಣ, ಮಡಿಕೆಯಲ್ಲಿ ಕೂತ ಕೊಳೆ, ಅಂಚಿನ ಒತ್ತಾದ ನೇಯ್ಗೆ. ಅಚ್ಚ ಬಿಳಿ ಹಚ್ಚಬೇಡಿ ಎಂದು ಬೇರೆ ಹೇಳಬೇಕಾಗಿಲ್ಲ. ಹಾಗೆಂದು ‘ಸೀಟ್ ಬೆಲ್ಟ್’ ಎಂಬ ಮಾತನ್ನು ತೆಗೆಯುವ ಆಸೆ ನನಗಿಲ್ಲ, ಅದು ಎಲ್ಲರ ಬಾಯಲ್ಲೂ ಇದೆ. ವಸ್ತುವಿನ ಹೆಸರು ಎಲ್ಲಿಂದ ಬಂದರೂ ಸರಿ, ಕೈಯ ಕೆಲಸವನ್ನು ಹೇಳುವ ಮಾತು ಮಾತ್ರ ಓದಿದ ಕೂಡಲೇ ಕೈಗೆ ತಿಳಿಯಬೇಕು.

ಈಗ ಆ ಕೆಲಸ. ಅಕ್ರಿಲಿಕ್ಕಿನ ಕೆನೆ ಬಣ್ಣ ಪೂರ್ತಿ ಒಣಗಿದ ಮೇಲೆ, ಕಡುಕಂದು ತೈಲವರ್ಣವನ್ನು ಟರ್ಪೆಂಟೈನಿನಲ್ಲಿ ನೀರಿನಷ್ಟು ತೆಳ್ಳಗೆ ಕಲಸಿ, ಸಣ್ಣ ಬ್ರಷ್ಷಿನ ತುದಿಯನ್ನು ಪಟ್ಟಿಯ ಅಂಚಿಗೆ ಮುಟ್ಟಿಸಬೇಕು. ಅಷ್ಟೇ, ಎಳೆಯಬಾರದು. ಬಣ್ಣ ತಾನಾಗಿ ಅಂಚುಗುಂಟ ಓಡಿ, ಕೊಂಡಿಯ ಸುತ್ತ ತಿರುಗಿ, ಕಣ್ಣುಗಳ ಕುಳಿಗೆ ಇಳಿದು ನಿಲ್ಲುತ್ತದೆ. ಬೆಲ್ಟಿನ ಕೆಳಗೆ ನೆರಳು ಬಿದ್ದಂತೆ ಕಾಣುವುದು ಆಗಲೇ. ಹೆಚ್ಚಾದದ್ದನ್ನು ಒಣ ಬ್ರಷ್ಷಿನಿಂದ ಹೀರಿ ತೆಗೆಯುವುದು.

ಇದಕ್ಕೆ ‘ತಿಳಿಬಣ್ಣ ಕೊಡು’ ಎನ್ನೋಣವೆಂದರೆ, ತಿಳಿಸಾರಿನಲ್ಲಿ ‘ತಿಳಿ’ ತೆಳುವಾದರೂ ತಿಳಿನೀಲಿಯಲ್ಲಿ ಅದು ಕಡುವಲ್ಲದ್ದು. ನಮಗೆ ಬೇಕಾದ್ದು ತೆಳುವಾದ ಕಡುಬಣ್ಣ. ‘ಬಣ್ಣ ಬಿಡು’ ಎಂದರೆ ಹೊಸ ಸೀರೆ ಬಕೆಟ್ಟಿನಲ್ಲಿ ಮಾಡುವ ಕೆಲಸವಾಯಿತು. ಕೊನೆಗೆ ಹೊಳೆದದ್ದು ‘ಹಾಯಿಸು’. ಮಡಿಗಳಿಗೆ ನೀರು ಹಾಯಿಸುವಾಗ ನಾವು ನೀರನ್ನು ತಳ್ಳುವುದಿಲ್ಲ. ಬದುವಿನ ಬಾಯಿ ತೆರೆದರೆ ತಗ್ಗು ಹುಡುಕಿಕೊಂಡು ಅದೇ ಹೋಗುತ್ತದೆ. ‘ಸಂದಿಗಳಿಗೆ ಬಣ್ಣ ಹಾಯಿಸಿ’ ಎಂದು ತಿದ್ದಿ ಅದೇ ಹುಡುಗನ ಕೈಗೆ ಕೊಟ್ಟೆ. ಅವನು ಏನೂ ಕೇಳದೆ ಬ್ರಷ್ಷಿನ ತುದಿ ಮುಟ್ಟಿಸಿ ಕಾದ.

ಇದರ ನಂತರದ್ದು ಸುಲಭವಾಯಿತು. ಬ್ರಷ್ಷಿನ ಬಣ್ಣವನ್ನೆಲ್ಲ ಕಾಗದಕ್ಕೆ ಒರೆಸಿ, ಉಳಿದ ಪಸೆಯಲ್ಲೇ ಉಬ್ಬಿದ ಕಡೆ ತೇಲಿಸಿ ಆಡಿಸುವುದಕ್ಕೆ ‘ತೀಡು’ ಎಂದಿದ್ದೇನೆ. ಹುಬ್ಬು ತೀಡಿದವರಿಗೆ, ಕಾಡಿಗೆ ತೀಡಿದವರಿಗೆ ಆ ಹಗುರ ಗೊತ್ತು.

ನನ್ನ ಪ್ರಶ್ನೆಗಳು ಎರಡು. ಉತ್ತರ ಕರ್ನಾಟಕದ ಕಡೆ ಹೊಲಕ್ಕೆ ನೀರು ‘ಹಾಸೂದು’ ಎನ್ನುವುದನ್ನು ಕೇಳಿದ್ದೇನೆ, ಮೈಸೂರು ಕಡೆ ನೀರು ‘ಕಟ್ಟು’ವುದೂ ಉಂಟು. ಆ ಕಡೆಯವರಿಗೆ ‘ಬಣ್ಣ ಹಾಯಿಸು’ ಎಂದರೆ ಇದೇ ಚಿತ್ರ ಬರುತ್ತದೆಯೇ? ಗದ್ದೆ ತೋಟ ನೋಡದೆ ಬೆಳೆದ ಮಕ್ಕಳಿಗೆ?

ಇನ್ನೊಂದು, ನಾಲ್ಕು ಪಟ್ಟಿ, ಕೀಲು, ಕಡಾಣಿ ಎಲ್ಲ ಸೇರಿದ ಇಡೀ ಕಟ್ಟಿಗೆ ಒಂದು ಹೆಸರು ಬೇಕಾಗಿದೆ. ‘ಕಡಿವಾಣ’ ಬಾಯಿಗೆ ಹಾಕುವುದು, ‘ಪಲ್ಲಣ’ ಬೆನ್ನಿಗೆ ಹಾಕುವ ಜೀನು, ಎರಡೂ ಹೊಂದುವುದಿಲ್ಲ. ಜಟಕಾ ಕುದುರೆಯ ಮೈಮೇಲಿನ ಪಟ್ಟಿಗಳನ್ನೆಲ್ಲ ಸೇರಿಸಿ ಜಟಕಾದವರು ಏನೆನ್ನುತ್ತಿದ್ದರು? ಅವರ ಬಾಯಲ್ಲಿ ಕೇಳಿದ ನೆನಪಿದ್ದವರು, ಯಾವ ಊರಿನಲ್ಲಿ ಕೇಳಿದ್ದೆಂಬುದನ್ನೂ ಸೇರಿಸಿ ದಯವಿಟ್ಟು ಬರೆಯಿರಿ.